ಮುಪ್ಪಿನಲ್ಲಿ ಸಹಿ ಹಾಕೋರು ಯಾರು?

ಭಾಗ 1/7

ಬ್ಯಾಂಕ್ ಖಾತೆ ತೆರೆಯುವಾಗ ಫಾರ್ಮಿನಲ್ಲಿ ‘ನಾಮಿನಿ’ ಅಂತ ಒಂದು ಕಾಲಂ ಇರುತ್ತೆ. ನೀವೂ ತುಂಬಿರ್ತೀರ. ಅಮ್ಮನ ಹೆಸರೋ ಅಪ್ಪನ ಹೆಸರೋ ಬರೆದು ಮುಂದಿನ ಕಾಲಂಗೆ ಹೋಗಿರ್ತೀರ. ಆಸ್ಪತ್ರೇಲಿ ಆಪರೇಷನ್‌ಗೆ ಮೊದಲು ಕೊಡೋ ಒಪ್ಪಿಗೆ ಪತ್ರದಲ್ಲೂ ಇಂಥದ್ದೇ ಪ್ರಶ್ನೆ: ಸಹಿ ಹಾಕ್ತಿರೋ ನೀವು ರೋಗಿಗೆ ಏನಾಗಬೇಕು?

ಈಗ ಯೋಚನೆ ಮಾಡಿ. ಎಪ್ಪತ್ತು ವರ್ಷದ ಒಬ್ಬ ಮಂಗಳಮುಖಿ. ಅಥವಾ ಮದುವೆ ಆಗದೆ, ಇನ್ನೊಬ್ಬ ಗಂಡಸಿನ ಜೊತೆ ‘ಸ್ನೇಹಿತ’ ಅಂತಲೇ ಹೇಳ್ಕೊಂಡು ಮೂವತ್ತು ವರ್ಷ ಬದುಕಿದ ಒಬ್ಬ ಅಜ್ಜ. ಅವರು ಆ ಕಾಲಂನಲ್ಲಿ ಯಾರ ಹೆಸರು ಬರೀಬೇಕು?

ಈ ಸರಣಿ ಆ ಖಾಲಿ ಕಾಲಂನ ಇತಿಹಾಸ. ಅದು ತಾನಾಗೇ ಖಾಲಿ ಉಳಿದದ್ದಲ್ಲ. ಕಾನೂನು ಅದನ್ನ ಖಾಲಿ ಮಾಡಿಸಿತ್ತು. ಹೇಗೆ ಅಂತ ಮುಂದಿನ ಭಾಗದಲ್ಲಿ ನೋಡೋಣ.

ಭಾಗ 2/7

1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದಿತು. ಕೆಲವು ಬುಡಕಟ್ಟುಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಸಾರಿದ ಕಾಯ್ದೆ ಅಂತ ನೀವು ಕೇಳಿರಬಹುದು. ಆದರೆ ಅದಕ್ಕೆ ಎರಡನೇ ಭಾಗ ಒಂದಿತ್ತು. ಅದು ಪೂರ್ತಿ ಹಿಜ್ರಾ ಸಮುದಾಯದ ಮೇಲೆ.

ಸಂಶಯ ಬಂದವರ ಹೆಸರು, ವಿಳಾಸ ಪೊಲೀಸ್ ರಿಜಿಸ್ಟರ್‌ಗೆ ಹತ್ತಬೇಕು. ಅವರ ಆಸ್ತಿ ವಿವರವನ್ನೂ ಸರ್ಕಾರ ಕೇಳಬಹುದು. ರಿಜಿಸ್ಟರ್‌ನಲ್ಲಿ ಹೆಸರಿರೋರು ಸೀರೆ ಉಟ್ಟು ಬೀದೀಲಿ ಕಾಣಿಸಿದರೆ, ಕುಣಿದರೆ ಜೈಲು. ಇದರ ಜೊತೆಗೆ ಇನ್ನೂ ನಾಲ್ಕು ನಿಷೇಧ ಇತ್ತು: ಅಪ್ರಾಪ್ತ ಮಕ್ಕಳಿಗೆ ಪೋಷಕರಾಗುವಂತಿಲ್ಲ. ದಾನಪತ್ರ ಮಾಡುವಂತಿಲ್ಲ. ಉಯಿಲು ಬರೆಯುವಂತಿಲ್ಲ. ದತ್ತು ತಗೊಳ್ಳುವಂತಿಲ್ಲ.

ಈ ನಾಲ್ಕನ್ನ ಇನ್ನೊಂದ್ಸಲ ಓದಿ. ನಮ್ಮ ಕಡೆ ಅಜ್ಜ-ಅಜ್ಜಿ ಮುಪ್ಪು ಕಳೆಯೋದು ಯಾವುದರ ಮೇಲೆ? ಸಾಕಿದ ಮಕ್ಕಳು ಇರಬೇಕು, ಪಹಣೀಲಿ ನಾಲ್ಕು ತೆಂಗಿನಮರದ ಜಾಗ ಆದ್ರೂ ಇರಬೇಕು, ‘ನನ್ನನ್ನ ನೋಡ್ಕೊಂಡೋರಿಗೆ ಇದು’ ಅಂತ ಬರೆಯೋ ಅಧಿಕಾರ ಇರಬೇಕು. 1871ರ ಕಾಯ್ದೆ ಕಿತ್ಕೊಂಡಿದ್ದು ನೇರವಾಗಿ ಇದನ್ನೇ. ವಯಸ್ಸಾದ ಮೇಲೆ ಒಬ್ಬರಿಗೆ ಬೇಕಾದ ಆಸರೆ ಯಾವುದೋ, ಅದೇ ಇವರ ಪಾಲಿಗೆ ಕಾನೂನುಬಾಹಿರ ಆಯ್ತು.

ಭಾಗ 3/7

‘ಅದೆಲ್ಲ ಉತ್ತರ ಭಾರತದ ಕಥೆ, ನಮಗೇನು’ ಅಂತೀರಾ? ಆ ಎರಡನೇ ಭಾಗ ಮುಖ್ಯವಾಗಿ ಜಾರಿ ಆಗಿದ್ದು ಅಲ್ಲೇ, ನಿಜ. ಆದರೆ ರಿಜಿಸ್ಟರ್ ಇಡೋ ಯೋಚನೆ ಈ ಕಡೆಗೂ ಬಂತು. 1919ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಇದೇ ಥರದ ಕಾಯ್ದೆ ಮಾಡ್ತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದಲ್ಲೇ ಇದ್ದವು. ಆ ಕಾಯ್ದೆ ಪುಸ್ತಕದಿಂದ ಅಳಿಸಿದ್ದು ಯಾವಾಗ ಗೊತ್ತಾ? 2023ರಲ್ಲಿ, ತೆಲಂಗಾಣ ಹೈಕೋರ್ಟ್ ಅದನ್ನ ಸಂವಿಧಾನಬಾಹಿರ ಅಂದಾಗ.

ಇಂಥ ಕಾಲದಲ್ಲೂ ಈ ಸಮುದಾಯಗಳು ಮುಪ್ಪಿಗೆ ಅಂತ ತಮ್ಮದೇ ಏರ್ಪಾಡು ಮಾಡ್ಕೊಂಡಿದ್ದವು. ಹಿಜ್ರಾ ಮನೆಗಳಲ್ಲಿ ಗುರು-ಚೇಲಾ ಸಂಬಂಧ ಇದೆ. ಮನೆಯಿಂದ ಹೊರಬಿದ್ದ ಹುಡುಗಿಗೆ ಗುರು ಊಟ, ಸೂರು, ಹೆಸರು ಕೊಡ್ತಾಳೆ. ವಯಸ್ಸಾದ ಮೇಲೆ ಗುರುವನ್ನ ನೋಡ್ಕೊಳ್ಳೋದು ಚೇಲಾ. ಬೆಂಗಳೂರಿನ ‘ಹಮಾಮ್’ಗಳು, ಅಂದ್ರೆ ಬಿಸಿನೀರಿನ ಸ್ನಾನದ ಮನೆಗಳು, ತುಂಬಾ ಜನಕ್ಕೆ ದುಡಿಮೆಯ ಜಾಗವೂ ಆಗಿದ್ದವು, ಮನೆಯೂ ಆಗಿದ್ದವು.

ಉತ್ತರ ಕರ್ನಾಟಕದಲ್ಲಿ ಸವದತ್ತಿ ಎಲ್ಲಮ್ಮ, ಹುಲಿಗಿ ಹುಲಿಗೆಮ್ಮನ ಜೋಗತಿಯರದ್ದೂ ಹೀಗೇ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ, ಮನೆ ಬಿಟ್ಟು ಬಂದ ಮಂಜಮ್ಮ ಜೋಗತಿ ಅವರು ಜೋಗತಿ ನೃತ್ಯ ಕಲಿತಿದ್ದು ಕಾಳವ್ವ ಜೋಗತಿ ಅವರ ಹತ್ತಿರ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ವಿಡಿಯೋ ನೀವೆಲ್ಲ ಶೇರ್ ಮಾಡಿದ್ದೀರ. ಅವರಿಗೆ ಕಲೆ ಬಂದಿದ್ದು ರಕ್ತಸಂಬಂಧದಿಂದ ಅಲ್ಲ. ಆದರೆ ಕಾನೂನಿನ ಕಣ್ಣಿಗೆ ಗುರು-ಶಿಷ್ಯೆ ಅನ್ನೋದು ‘ಸಂಬಂಧಿಕರು’ ಅಲ್ಲ.

ಭಾಗ 4/7

ಈಗ ಸಲಿಂಗಿಗಳ ವಿಷಯಕ್ಕೆ ಬರೋಣ. ಒಂದು ಲೆಕ್ಕ ಹಾಕೋಣ. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ ಹುಟ್ಟಿದ ಒಬ್ಬರನ್ನ ತಗೊಳ್ಳಿ.

ಅವರು ಹುಟ್ಟೋ ಹೊತ್ತಿಗೆ 1860ರ ದಂಡಸಂಹಿತೆಯ 377ನೇ ಕಲಂ ಜಾರಿಯಲ್ಲಿತ್ತು. ಅವರ ಪ್ರೀತಿ ಜೈಲಿಗೆ ಕಳಿಸಬಹುದಾದ ಅಪರಾಧ. 2009ರಲ್ಲಿ ದೆಹಲಿ ಹೈಕೋರ್ಟ್ ‘ಒಪ್ಪಿಗೆ ಇದ್ದ ವಯಸ್ಕರ ಮಧ್ಯೆ ಇದು ಅಪರಾಧ ಅಲ್ಲ’ ಅಂದಾಗ ಅವರಿಗೆ 61. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ತಿರುಗಿಸಿದಾಗ 65. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನ ಅಪರಾಧದಿಂದ ಹೊರಗಿಟ್ಟಾಗ 70. ಆ ಪ್ರಕರಣದ ಅರ್ಜಿದಾರರಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಅವರೂ ಒಬ್ಬರು.

ಅಂದ್ರೆ ಓದು, ಕೆಲಸ, ಸಂಪಾದನೆ, ನಿವೃತ್ತಿ, ಎಲ್ಲ ಮುಗಿದ ಮೇಲೆ ಸ್ವಾತಂತ್ರ್ಯ ಬಂತು. ಐವತ್ತು ವರ್ಷ ಬಚ್ಚಿಟ್ಟು ಬದುಕಿದವರು ಎಪ್ಪತ್ತನೇ ವಯಸ್ಸಲ್ಲಿ ಡಾಕ್ಟರ್ ಮುಂದೆ ಕೂತು ‘ಇವರು ನನ್ನ ಸಂಗಾತಿ’ ಅಂತ ಸಲೀಸಾಗಿ ಹೇಳ್ತಾರೆ ಅಂದ್ಕೊಂಡ್ರಾ? ಹೇಳಲ್ಲ. ಹೇಳದೇ ಇದ್ದಾಗ ಜೊತೆಗಿದ್ದವರು ಐಸಿಯು ಬಾಗಿಲ ಹೊರಗೆ ಬರೀ ‘ಸ್ನೇಹಿತ’ರಾಗಿ ಉಳೀತಾರೆ.

‘ನಮ್ಮೂರಲ್ಲಿ ಅಂಥೋರು ಯಾರೂ ಇಲ್ಲ’ ಅಂತ ನಮ್ಮ ಪಂಚನಹಳ್ಳಿ ಕಡೆ ಸುಲಭವಾಗಿ ಹೇಳ್ತಾರೆ. ಇರೋಕೆ ಜಾಗ ಕೊಟ್ಟಿದ್ರೆ ತಾನೇ ಕಾಣಿಸೋದು? ಒಂದಷ್ಟು ಜನ ರೈಲು ಹತ್ತಿ ಬೆಂಗಳೂರಿಗೋ ಮುಂಬೈಗೋ ಹೋದರು, ಇನ್ನೊಂದಷ್ಟು ಜನ ಮದುವೆ ಆಗಿ ಬಾಯಿ ಮುಚ್ಕೊಂಡರು.

ಭಾಗ 5/7

ರಿಜಿಸ್ಟರ್ ಕಥೆ ಇನ್ನೂ ಮುಗಿದಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನೋ ಕಲಂ ಸೇರಿತು. ಮತ್ತೆ ಅದೇ: ಹಿಜ್ರಾಗಳ ಹೆಸರು-ವಿಳಾಸದ ರಿಜಿಸ್ಟರ್. 140 ವರ್ಷದ ಹಿಂದಿನ ಭಾಷೆ, ಈ ಸಲ ವಿಧಾನಸೌಧದಿಂದ. ಸಂಘಟನೆಗಳು ಹೈಕೋರ್ಟ್‌ಗೆ ಹೋದ ಮೇಲೆ ಸಮುದಾಯವನ್ನ ಗುರಿ ಮಾಡೋ ಆ ಪದ ತೆಗೆದರು.

ವಿಚಿತ್ರ ಏನಂದ್ರೆ, ಅದೇ ರಾಜ್ಯ 2013ರಲ್ಲಿ ಇನ್ನೊಂದು ಪಟ್ಟಿ ಶುರು ಮಾಡ್ತು: ಮೈತ್ರಿ ಯೋಜನೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ತಿಂಗಳಿಗೆ 500 ರೂಪಾಯಿ ಮಾಸಾಶನ. 2024-25ರ ಬಜೆಟ್‌ನಲ್ಲಿ ಅದನ್ನ 1,200ಕ್ಕೆ ಏರಿಸಿದರು. ಮೂವತ್ತು ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 40 ರೂಪಾಯಿ. ಬಿಪಿ-ಶುಗರ್ ಮಾತ್ರೆಗೆ ಎಷ್ಟು, ಊಟಕ್ಕೆ ಎಷ್ಟು, ನೀವೇ ಹಂಚಿ ನೋಡಿ.

2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟ್‌ನ ನಾಲ್ಸಾ ತೀರ್ಪು ಬಂತು: ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಅಂತ ಹೇಳ್ಕೊಳ್ಳೋ ಹಕ್ಕು ಆ ವ್ಯಕ್ತಿಯದ್ದೇ. 2019ರ ಕೇಂದ್ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಸಿಗುತ್ತೆ.

2011ರ ಜನಗಣತೀಲಿ ಕರ್ನಾಟಕದಲ್ಲಿ ‘ಇತರೆ’ ಅಂತ ಲೆಕ್ಕಕ್ಕೆ ಸಿಕ್ಕವರು 20,266. ಸಮುದಾಯದವರು ಅದು ತುಂಬಾ ಕಡಿಮೆ ಅಂತಾರೆ. ಯಾಕೆ ಕಡಿಮೆ ಅಂತ ಈಗ ನಿಮಗೆ ಅರ್ಥ ಆಗಿರಬೇಕು. ಪಟ್ಟಿಗೆ ಹೆಸರು ಕೊಟ್ರೆ ಪೊಲೀಸ್ ಬರ್ತಾರೆ ಅಂತ ಕಲಿತು ಬೆಳೆದವರಿಗೆ, ‘ಹೆಸರು ಕೊಡಿ, ಪೆನ್ಷನ್ ಕೊಡ್ತೀವಿ’ ಅಂದ್ರೆ ಕೂಡಲೇ ನಂಬಿಕೆ ಹೇಗೆ ಬರುತ್ತೆ?

ಭಾಗ 6/7

ಆರೋಗ್ಯದ ವಿಷಯ. ಈ ಸಮುದಾಯಗಳ ಹತ್ತಿರ ಸರ್ಕಾರಿ ಆರೋಗ್ಯ ಇಲಾಖೆ ಮೊದಲು ಬಂದಿದ್ದೇ ಎಚ್‌ಐವಿ ಕಾರಣಕ್ಕೆ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು, ಉಚಿತ ಎಆರ್‌ಟಿ ಮಾತ್ರೆ ಸಿಕ್ಕಿದ್ದು 2004ರಿಂದ. ಅದರಿಂದ ಜೀವ ಉಳೀತು, ದೊಡ್ಡ ವಿಷಯ. ಆದರೆ ಉಳಿದ ಜೀವಕ್ಕೆ ವಯಸ್ಸಾಗುತ್ತೆ ಅನ್ನೋದನ್ನ ಯಾರೂ ಅಷ್ಟಾಗಿ ಯೋಚಿಸಲಿಲ್ಲ.

ಹಿಂದೆ ಎಷ್ಟೋ ಜನ ಡಾಕ್ಟರ್ ಇಲ್ಲದೆ ಆಪರೇಷನ್ ಮಾಡಿಸ್ಕೊಂಡವರು. ಅಂಥವರಿಗೆ ಮೂತ್ರದ ತೊಂದರೆ ಉಳಿಯಬಹುದು. ವೃಷಣ ತೆಗೆದ ಮೇಲೆ ಹಾರ್ಮೋನ್ ಚಿಕಿತ್ಸೆ ಇಲ್ಲದಿದ್ರೆ ಮೂಳೆ ಸವೆಯುತ್ತೆ, ಬಿದ್ರೆ ಮುರಿಯುತ್ತೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ಟ್ರಾನ್ಸ್ ಮಹಿಳೆಯರಲ್ಲಿ ಆಪರೇಷನ್ ಆದ ಮೇಲೂ ಪ್ರೋಸ್ಟೇಟ್ ಗ್ರಂಥಿ ಸಾಮಾನ್ಯವಾಗಿ ಉಳಿದಿರುತ್ತೆ. ಚೀಟೀಲಿ ‘ಹೆಣ್ಣು’ ಅಂತ ಇದ್ರೆ ಅದನ್ನ ಪರೀಕ್ಷೆ ಮಾಡಬೇಕು ಅಂತ ಯಾರಿಗೂ ಹೊಳೆಯಲ್ಲ. ಅದಕ್ಕೂ ಮೊದಲು, ಯಾವ ವಾರ್ಡಲ್ಲಿ ಮಲಗಿಸೋದು ಅನ್ನೋದೇ ಜಗಳ. ಒಂದ್ಸಲ ಅವಮಾನ ಆದ್ರೆ ಮುಂದಿನ ಸಲ ಕಾಯಿಲೆ ಮುದುರಿದ ಮೇಲೇ ಆಸ್ಪತ್ರೆಗೆ ಬರೋದು.

2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ಇರೋರಿಗೆ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷದವರೆಗೆ ವಿಮೆ ಅಂತ ಒಪ್ಪಂದ ಮಾಡ್ತು. 2023ರ ಜೂನ್‌ನಿಂದ ನಮ್ಮ ಶಕ್ತಿ ಯೋಜನೇಲಿ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ ಉಚಿತ. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಹೋಗಿ ಬರೋ ಖರ್ಚು ಉಳಿಯೋದು ಸಣ್ಣ ಸಹಾಯ ಅಲ್ಲ. ಎರಡಕ್ಕೂ ಬೇಕಾಗಿರೋದು ಒಂದು ಕಾಗದ, ಗುರುತಿನ ಪುರಾವೆ.

ಭಾಗ 7/7

ಕೊನೇ ಭಾಗ. ಬಿಕಾಂ ಓದೋಳು ಇದನ್ನೆಲ್ಲ ಯಾಕೆ ಬರೀತಾಳೆ ಅಂದ್ರೆ, ಆ ಖಾಲಿ ಕಾಲಂ ತುಂಬೋ ದಾರಿ ನಮ್ಮ ಸಬ್ಜೆಕ್ಟಲ್ಲೇ ಇದೆ.

ನಾಮಿನಿ: 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟ ಮಾಡಿದೆ. ಎಲ್‌ಜಿಬಿಟಿ ಸಂಗಾತಿಗಳು ಜಂಟಿ ಖಾತೆ ತೆರೆಯೋಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡೋಕೆ ಯಾವ ತಡೆಯೂ ಇಲ್ಲ. ರೇಷನ್ ಕಾರ್ಡ್‌ನಲ್ಲೂ ಅವರನ್ನ ಒಂದೇ ಮನೆಯವರು ಅಂತ ಪರಿಗಣಿಸಿ ಅಂತ ರಾಜ್ಯಗಳಿಗೆ ಸೂಚನೆ ಹೋಗಿದೆ.

ಉಯಿಲು: ನಾಮಿನಿ ಅಂದ್ರೆ ದುಡ್ಡು ಕೈಗೆ ತಗೊಳ್ಳೋರು, ವಾರಸುದಾರರು ಅಲ್ಲ. ಆಮೇಲೆ ಅಣ್ಣನ ಮಗ ಬಂದು ಕೇಳಬಹುದು. ಅದಕ್ಕೇ ಉಯಿಲು ಬೇಕು. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ ಬೇಕು, ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದ್ರೆ ಒಳ್ಳೇದು. 1871ರಲ್ಲಿ ಕಿತ್ಕೊಂಡ ಹಕ್ಕು ಇವತ್ತು ಎರಡು ಸಹಿಗೆ ಸಿಗುತ್ತೆ.

ಆಸ್ಪತ್ರೆ: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ತನ್ನ ಪರವಾಗಿ ಮಾತಾಡೋ ಪ್ರತಿನಿಧಿಯನ್ನ ಯಾವ ವಯಸ್ಕರೂ ಬಿಳಿ ಹಾಳೇಲಿ ಬರೆದು ನೇಮಿಸಬಹುದು. ಅವರು ಸಂಬಂಧಿಕರೇ ಆಗಿರಬೇಕು ಅಂತಿಲ್ಲ. ಉಳಿದ ಕಾಯಿಲೆಗಳಿಗೂ ಇಷ್ಟು ಸ್ಪಷ್ಟವಾದ ನಿಯಮ ಬರಬೇಕು. ನಾವು ಕೇಳಬೇಕಾದ್ದು ಅದನ್ನೇ.

ಮನೆಯವರು ಆಸ್ತಿ ಇಟ್ಕೊಂಡು ಹೊರಗೆ ಹಾಕಿದ್ರೆ: ಮಕ್ಕಳಿಲ್ಲದ, 60 ದಾಟಿದವರು 2007ರ ಹಿರಿಯ ನಾಗರಿಕರ ಕಾಯ್ದೆ ಅಡಿ ಆ ಆಸ್ತಿಯ ವಾರಸುದಾರರಿಂದ ಜೀವನಾಂಶ ಕೇಳಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ. ಹಿರಿಯರ ಸಹಾಯವಾಣಿ 14567.

ಕಾಲೇಜಲ್ಲಿ ಕಲಿತ ಫಾರ್ಮ್ ತುಂಬೋ ವಿದ್ಯೆ ಇಂಥ ಕಡೆ ಕೆಲಸಕ್ಕೆ ಬರುತ್ತೆ. ಪಂಚನಹಳ್ಳಿಯ ನಾಡಕಚೇರೀಲೋ, ಕಡೂರಿನ ಬ್ಯಾಂಕಲ್ಲೋ ಯಾರಾದ್ರೂ ಅರ್ಜಿ ಹಿಡ್ಕೊಂಡು ಹಿಂಜರಿಯುತ್ತ ನಿಂತಿದ್ರೆ, ‘ನಿಮಗೆ ಇವರು ಏನಾಗಬೇಕು’ ಅಂತ ಎಲ್ಲರೆದುರು ಜೋರಾಗಿ ಕೇಳಬೇಡಿ. ಪಕ್ಕದಲ್ಲಿ ಕೂತು ತುಂಬಿಕೊಡಿ. ಅವರು ಹೇಳಿದ ಹೆಸರನ್ನ ಹೇಳಿದ ಹಾಗೇ ಬರೀರಿ.

ಸೇವ್ ಮಾಡ್ಕೊಳ್ಳಿ. ನಿಮ್ಮ ಕ್ಲಾಸ್ ಗ್ರೂಪಿಗೂ ಹಾಕಿ.

#ಇತಿಹಾಸ #ಮುಪ್ಪು #ಲಿಂಗತ್ವಅಲ್ಪಸಂಖ್ಯಾತರು #ಕಡೂರು