ರಾಯಭಾರ ಕಚೇರಿ ದೂರವಿದ್ದರೆ ಏನು ಮಾಡಬೇಕು?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಲ್ಲಿ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಮಾತಾಡುವ ನಮ್ಮವರೂ ಇದ್ದಾರೆ. ಅಲ್ಲಿ ಏನಾದರೂ ತೊಂದರೆಯಾದರೆ ಊರಿನ ಮನೆಯವರಿಗೆ ತೋಚುವ ಮೊದಲ ಪ್ರಶ್ನೆ, ಯಾರನ್ನು ಕೇಳುವುದು?

2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. ಎರಡೇ ದಿನದಲ್ಲಿ ವಾಯುಪಡೆಯ ವಿಮಾನ 45 ಭಾರತೀಯರ ಶವಗಳನ್ನು ಕೊಚ್ಚಿಗೆ ತಂದಿತು. ಅಲ್ಲಿ ಇಳಿಸಿದ 31 ಶವಗಳಲ್ಲಿ 7 ತಮಿಳುನಾಡಿನವರದು, 1 ಕರ್ನಾಟಕದವರದು. ಆದರೆ ಎಲ್ಲೋ ದೂರದ ಊರಿನಲ್ಲಿ ಒಬ್ಬನೇ ಸತ್ತವನಿಗೆ ವಿಶೇಷ ವಿಮಾನ ಬರುವುದಿಲ್ಲ. ಅಲ್ಲಿ ಎಲ್ಲವೂ ಕಾಗದಪತ್ರದ ಮೇಲೆ ನಡೆಯುತ್ತದೆ. ಆ ಕಾಗದಪತ್ರಗಳಲ್ಲಿ ಅರ್ಧದಷ್ಟು ಊರಿನಿಂದಲೇ ಹೋಗಬೇಕು.

ಯಾವ ಊರಿಗೆ ಯಾವ ಕಚೇರಿ?

ರಾಯಭಾರ ಕಚೇರಿ ಸಾಮಾನ್ಯವಾಗಿ ರಾಜಧಾನಿಯಲ್ಲಿರುತ್ತದೆ. ದೊಡ್ಡ ದೇಶಗಳಲ್ಲಿ ಬೇರೆ ನಗರಗಳಲ್ಲಿ ಕಾನ್ಸುಲೇಟ್‌ಗಳೂ ಇರುತ್ತವೆ. ಸೌದಿ ಅರೇಬಿಯಾದಲ್ಲಿ ರಿಯಾದ್‌ನಲ್ಲಿ ರಾಯಭಾರ ಕಚೇರಿ, ಜಿದ್ದಾದಲ್ಲಿ ಕಾನ್ಸುಲೇಟ್ ಇದೆ. ದಮ್ಮಾಮ್ ಕಡೆಯವರಿಗೆ ರಿಯಾದ್. ಮೆಕ್ಕಾ, ಮದೀನಾ, ಅಭಾ, ತಬೂಕ್ ಕಡೆಯವರಿಗೆ ಜಿದ್ದಾ. ಯುಎಇಯಲ್ಲಿ ಅಬುಧಾಬಿಗೆ ಅಲ್ಲಿನ ರಾಯಭಾರ ಕಚೇರಿ. ದುಬೈ, ಶಾರ್ಜಾ, ಅಜ್ಮಾನ್, ಫುಜೈರಾ ಮುಂತಾದ ಕಡೆಗೆ ದುಬೈ ಕಾನ್ಸುಲೇಟ್. ತಪ್ಪು ಕಚೇರಿಗೆ ಅರ್ಜಿ ಹಾಕಿದರೆ ದಿನಗಳು ವ್ಯರ್ಥವಾಗುತ್ತವೆ.

ದೂರ ಎಷ್ಟೆಂದರೆ, ಕೊಯಮತ್ತೂರಿನಿಂದ ಚೆನ್ನೈ ಸುಮಾರು 500 ಕಿ.ಮೀ. ಜಿದ್ದಾದಿಂದ ತಬೂಕ್, ಒಮಾನ್‌ನ ಮಸ್ಕತ್‌ನಿಂದ ಸಲಾಲಾ ಇದರ ಸುಮಾರು ಎರಡು ಪಟ್ಟು. ರಜೆ ಕೊಡದ ಮಾಲೀಕನ ಕೈಕೆಳಗೆ ದುಡಿಯುವವನಿಗೆ ಅಷ್ಟು ದೂರ ಹೋಗಿ ಬರುವುದು ಸುಲಭವಲ್ಲ.

ಅದಕ್ಕಾಗಿಯೇ ಅಧಿಕಾರಿಗಳು ದೂರದ ಊರುಗಳಿಗೆ ಹೋಗಿ ಶಿಬಿರ ನಡೆಸುತ್ತಾರೆ. ಪಾಸ್‌ಪೋರ್ಟ್ ನವೀಕರಣ, ಕಾಗದಪತ್ರ ದೃಢೀಕರಣ, ದೂರು ಸ್ವೀಕಾರ ಅಲ್ಲೇ ಆಗುತ್ತದೆ. ಶಿಬಿರದ ದಿನಾಂಕ ಆಯಾ ಕಚೇರಿಯ ವೆಬ್‌ಸೈಟ್‌ನಲ್ಲಿ ಮೊದಲೇ ಪ್ರಕಟವಾಗುತ್ತದೆ.

ಪಾಸ್‌ಪೋರ್ಟ್ ಕೈಯಲ್ಲಿಲ್ಲದಿದ್ದರೆ

1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಮಾಲೀಕ ಅದನ್ನು ತೆಗೆದಿಟ್ಟುಕೊಂಡರೆ ಕಾನ್ಸುಲೇಟ್‌ಗೆ ದೂರು ಕೊಡಬಹುದು. ಕಳೆದುಹೋದರೆ ಮೊದಲು ಅಲ್ಲಿನ ಪೊಲೀಸರಿಗೆ ತಿಳಿಸಬೇಕು. ಹೊಸ ಪಾಸ್‌ಪೋರ್ಟ್‌ಗೆ ಕಾಯಲಾಗದೆ ಊರಿಗೆ ಮರಳಬೇಕಾದವರಿಗೆ ತುರ್ತು ಪ್ರಮಾಣಪತ್ರ ಸಿಗುತ್ತದೆ. ಅದು ಭಾರತಕ್ಕೆ ಬರಲು ಒಂದೇ ಬಾರಿಯ ಪ್ರಯಾಣಕ್ಕೆ ಮಾತ್ರ. ಅದು ಕೈಗೆ ಬಂದರೂ ಆ ದೇಶದಿಂದ ಹೊರಡಲು ಅಲ್ಲಿನ ಸರ್ಕಾರದ ಅನುಮತಿ ಬೇಕು. ಸೌದಿಯಲ್ಲಿ ಇಖಾಮಾ ಮುಗಿದವರಿಗೆ, ಮಾಲೀಕ ಹುರೂಬ್ ಅಂದರೆ ಓಡಿಹೋದವನೆಂದು ದೂರು ಕೊಟ್ಟವರಿಗೆ ಇದೇ ದೊಡ್ಡ ತಡೆ.

ಬಂಧನವಾದರೆ

1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತನಾದ ವಿದೇಶಿ ಪ್ರಜೆ ಕೇಳಿದರೆ ಅಲ್ಲಿನ ಪೊಲೀಸರು ತಡಮಾಡದೆ ಅವನ ದೇಶದ ಕಾನ್ಸುಲೇಟ್‌ಗೆ ತಿಳಿಸಬೇಕು. ಈ ಹಕ್ಕು ಇದೆಯೆಂದು ಅವನಿಗೆ ಹೇಳಬೇಕಾದದ್ದೂ ಅವರೇ. ಪಾಕಿಸ್ತಾನದಲ್ಲಿ ಬಂಧಿತರಾದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಈ ವಿಧಿ ಮುರಿಯಲಾಗಿದೆ ಎಂದು ಅಂತಾರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು. ಬಂಧಿತನಿಗೆ ಮಾತನಾಡಲು ಅವಕಾಶ ಸಿಕ್ಕಾಗ ಹೇಳಬೇಕಾದ್ದು ಒಂದೇ ಮಾತು: "ನಾನು ಭಾರತೀಯ, ನಮ್ಮ ಕಾನ್ಸುಲೇಟ್‌ಗೆ ತಿಳಿಸಿ."

ಸಾವು ಸಂಭವಿಸಿದರೆ

ಆಸ್ಪತ್ರೆಯ ಮರಣ ಪತ್ರ, ಅಪಘಾತ ಅಥವಾ ಅಸಹಜ ಸಾವಾದರೆ ಪೊಲೀಸ್ ವರದಿ, ಪಾಸ್‌ಪೋರ್ಟ್ ಇವು ಅಲ್ಲಿಂದ ಬೇಕು. ವಾರಸುದಾರರ ಒಪ್ಪಿಗೆ ಪತ್ರ ಊರಿನಿಂದ ಬೇಕು. ಶವ ಊರಿಗೆ ತರಬೇಕೋ, ಅಲ್ಲೇ ಸಂಸ್ಕಾರ ಆಗಬೇಕೋ, ಅಲ್ಲಿ ಯಾರು ಸಹಿ ಹಾಕಬೇಕು, ಶವ ಯಾವ ವಿಮಾನ ನಿಲ್ದಾಣಕ್ಕೆ ಬರಬೇಕು ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಬೇಕು. ಈ ಪತ್ರ ತಡವಾದರೆ ಶವ ಅಲ್ಲಿನ ಶವಾಗಾರದಲ್ಲೇ ಉಳಿಯುತ್ತದೆ. ತಹಸೀಲ್ದಾರರು ಕೊಡುವ ವಾರಿಸು ಸರ್ಟಿಫಿಕೇಟ್‌ಗೆ ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಬಾಕಿ ಸಂಬಳ, ಪರಿಹಾರ ಪಡೆಯಲು ಅದು ಮುಂದೆ ಬೇಕಾಗುತ್ತದೆ.

ಶವ ಸಾಗಿಸುವ ಖರ್ಚನ್ನು ಸಾಮಾನ್ಯವಾಗಿ ಕೆಲಸ ಕೊಟ್ಟವರು ಕೊಡುತ್ತಾರೆ. ಕೊಡದಿದ್ದರೆ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಬಡವರ ಶವ ಸಾಗಣೆ, ಸಿಕ್ಕಿಬಿದ್ದವರ ಊಟ, ವಸತಿ, ಟಿಕೆಟ್, ಕಾನೂನು ನೆರವಿಗೆ ಈ ಹಣ ಬಳಸುತ್ತಾರೆ. ಇದನ್ನು ಕೇಳಿ ಪಡೆಯಬೇಕು.

ಊರಲ್ಲಿರುವವರು ಎಲ್ಲಿಗೆ ಹೋಗಬೇಕು?

ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ವೆಬ್‌ಸೈಟ್‌ನಲ್ಲಿ ಊರಿನಿಂದಲೇ ದೂರು ದಾಖಲಿಸಬಹುದು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ವಿಚಾರಿಸಲು ಅದೇ ಆಧಾರ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800 11 3090. ಯುಎಇಯಲ್ಲಿರುವವರು ಅಲ್ಲಿಂದಲೇ 800 46342ಕ್ಕೆ ಕರೆ ಮಾಡಬಹುದು.

ಇಂಟರ್‌ನೆಟ್ ಗೊತ್ತಿಲ್ಲದವರು ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ನಡೆಯುವ ಕುಂದುಕೊರತೆ ದಿನದಲ್ಲಿ ಮನವಿ ಕೊಡಬಹುದು. ನಮ್ಮ ಮನೆಮಾತು ಕನ್ನಡವಾದರೂ ವಿಳಾಸ ತಮಿಳುನಾಡಿನದು. ಆದ್ದರಿಂದ ಬೆಂಗಳೂರಿಗೆ ಅಲೆಯಬೇಕಿಲ್ಲ. ಚೆನ್ನೈಯಲ್ಲಿರುವ ಅನಿವಾಸಿ ತಮಿಳರ ಕಲ್ಯಾಣ ಆಯುಕ್ತರ ಕಚೇರಿ ನಮಗೂ ಸೇರಿದ್ದೇ.

ಕಾನ್ಸುಲೇಟ್ ಏನು ಮಾಡಲಾರದು?

ಜೈಲಿನಿಂದ ಬಿಡಿಸಲಾರದು, ಕೋರ್ಟಿನ ತೀರ್ಪು ಬದಲಿಸಲಾರದು, ಸಾಲ ತೀರಿಸಲಾರದು, ಬೇರೆ ಕೆಲಸ ಕೊಡಿಸಲಾರದು. ಇವನ್ನೆಲ್ಲ ಮಾಡಿಸಿಕೊಡುತ್ತೇನೆಂದು ದುಡ್ಡು ಕೇಳುವವರು ಬಂದರೆ ನಂಬಬೇಡಿ.

ಹೊರಡುವ ಮೊದಲು

ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು, 1983ರ ವಲಸೆ ಕಾಯ್ದೆಯಂತೆ ವಲಸೆ ಅನುಮತಿ ಪಡೆಯಬೇಕು. ಅದರ ಜೊತೆ ಪ್ರವಾಸಿ ಭಾರತೀಯ ಬೀಮಾ ಯೋಜನೆಯ ವಿಮೆ ಮಾಡಿಸಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸತ್ತರೆ 10 ಲಕ್ಷ ರೂಪಾಯಿ ಪರಿಹಾರ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋದವರಿಗೆ ಈ ರಕ್ಷಣೆ ಸಿಗುವುದಿಲ್ಲ.

ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದ, ವಿಮೆ ಇವುಗಳ ಜೆರಾಕ್ಸ್ ಪ್ರತಿಯನ್ನು ಮನೆಯಲ್ಲಿ ಇಟ್ಟು ಹೋಗಬೇಕು. ಅಲ್ಲಿ ತಲುಪಿದ ಮೇಲೆ ಇಖಾಮಾ ಅಥವಾ ಗುರುತಿನ ಚೀಟಿಯ ಪ್ರತಿ, ಕಂಪನಿಯ ಹೆಸರು, ಉಳಿದುಕೊಂಡ ಜಾಗ, ಜೊತೆಗಿರುವ ಒಬ್ಬರ ಫೋನ್ ನಂಬರ್ ಕಳುಹಿಸಬೇಕು. ಕಷ್ಟ ಬಂದ ದಿನ ಮನೆಯವರು ಮದದ್‌ಗೆ ಬರೆದರೂ, ಕಲೆಕ್ಟರಿಗೆ ಮನವಿ ಕೊಟ್ಟರೂ ಮೊದಲು ಕೇಳುವುದು ಇವನ್ನೇ.