ಕರಾವಳಿಯ ತೆರೆದ ಚೌಕಟ್ಟುಗಳಿಗೆ ಉಕ್ಕಿನ ಸೆಕ್ಷನ್: ಬಲದ ಲೆಕ್ಕ, ತುಕ್ಕಿನ ಲೆಕ್ಕ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಆರ್‌ಸಿಸಿ ತಾರಸಿಯ ಮೇಲೆ ಉಕ್ಕಿನ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ಈಗ ಮನೆ ಕಟ್ಟುವ ಕೆಲಸದ ಭಾಗವೇ ಆಗಿಬಿಟ್ಟಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಮಂಗಳೂರಿನಂಥ ಊರಿನಲ್ಲಿ ತಾರಸಿಯನ್ನು ಕಾಯಲು ಜನ ಕಂಡುಕೊಂಡ ದಾರಿ ಅದು. ಅಡಿಕೆ ಅಂಗಳದ ಮಾಡು, ದೇವಸ್ಥಾನದ ಊಟದ ಚಪ್ಪರ, ಮೀನು ಇಳಿಸುವ ದಕ್ಕೆಯ ಛಾವಣಿ ಇವೆಲ್ಲ ಇದೇ ಜಾತಿಯವು: ಮೇಲೆ ಶೀಟು, ಸುತ್ತ ಗೋಡೆಯಿಲ್ಲ. ಇವುಗಳಿಗೆ ಸೆಕ್ಷನ್ ಆರಿಸುವಾಗ ಪಠ್ಯಪುಸ್ತಕ ಕಲಿಸುವ ಕ್ರಮ ಒಂದೇ. ಹೊರೆ ಎಷ್ಟು, ಅದರಿಂದ ಬಾಗುವ ಒತ್ತಡ ಎಷ್ಟು, ಅದನ್ನು ತಾಳುವ ಅತಿ ಹಗುರ ಸೆಕ್ಷನ್ ಯಾವುದು. ಕಡಲ ಗಾಳಿಗೆ ಮೈಯೊಡ್ಡಿ ನಿಲ್ಲುವ ಚೌಕಟ್ಟಿಗೆ ಈ ಕ್ರಮವನ್ನು ತಿರುವಿ ಹಾಕಬೇಕು ಎಂಬುದು ಈ ಲೇಖನದ ವಾದ. ನೀರು ಎಲ್ಲಿ ನಿಲ್ಲುತ್ತದೆ, ಬ್ರಷ್ ಎಲ್ಲಿಗೆ ತಲುಪುತ್ತದೆ, ಇಪ್ಪತ್ತು ವರ್ಷ ಕಳೆದ ಮೇಲೆ ಎಷ್ಟು ಲೋಹ ಉಳಿದಿರುತ್ತದೆ ಎಂದು ಮೊದಲು ಕೇಳಿ, ಆಮೇಲೆ ಬಲದ ಲೆಕ್ಕಕ್ಕೆ ಬರಬೇಕು.

ಬಲದ ಲೆಕ್ಕವನ್ನೂ ಇಲ್ಲಿ ತಲೆಕೆಳಗಾಗಿ ಮಾಡಬೇಕಾಗುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಪ್ರದೇಶದ ಮಾಡಿಗೆ ತೂಕವೇ ಲಂಗರು. ಭಾರತೀಯ ಮಾನಕ ಐಎಸ್ 875ರ ಮೊದಲ ಭಾಗವು ಪಟ್ಟಿ ಸಹಿತ ಮಂಗಳೂರು ಹಂಚಿಗೆ ಚದರ ಮೀಟರಿಗೆ ಸುಮಾರು 65 ಕಿಲೋ ಹಿಡಿಯುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಶೀಟು ಐದು ಕಿಲೋವನ್ನೂ ಮುಟ್ಟುವುದಿಲ್ಲ. ಅದೇ ಮಾನಕದ ಮೂರನೆಯ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗ ಹೇಳುತ್ತದೆ. ವ್ಯತ್ಯಾಸ ಸಣ್ಣದೆನಿಸುತ್ತದೆ, ಆದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಚದರ ಮೀಟರಿಗೆ 650 ನ್ಯೂಟನ್ ಇದ್ದದ್ದು 910ಕ್ಕೆ ಹೋಗುತ್ತದೆ. ನೆಲದ ಸ್ವರೂಪ, ಎತ್ತರ, ಆಕಾರಗಳ ಗುಣಕ ಸೇರಿಸುವ ಮೊದಲಿನ ಸಂಖ್ಯೆಗಳಿವು. ಚದರ ಮೀಟರಿಗೆ 90 ಕಿಲೋ ಮೇಲಕ್ಕೆ ಎಳೆಯಬಲ್ಲ ಗಾಳಿಯ ಎದುರು ಐದು ಕಿಲೋ ಶೀಟು ಏನು ಮಾಡೀತು? ಅಡಿಯಲ್ಲಿ ಅಡಿಕೆ ಮೂಟೆ ಪೇರಿಸಿ ಗಾಳಿಯ ಹಾದಿ ಕಟ್ಟಿದರೆ ಮೇಲೆಳೆತ ಇನ್ನೂ ಹೆಚ್ಚು. ಹೀಗಾಗಿ ಟ್ರಸ್ಸಿನ ಕೆಳಪಟ್ಟಿ ಎಳೆತಕ್ಕೆ ಮಾತ್ರ ಒಳಗಾಗುತ್ತದೆಂದು ನಂಬಿ ಸಪೂರ ಆಂಗಲ್ ಹಾಕುವುದು ಇಲ್ಲಿ ನಡೆಯದು. ಗಾಳಿ ಎದ್ದ ದಿನ ಅದೇ ಪಟ್ಟಿ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗುತ್ತದೆ.

ಕಂಬಕ್ಕೆ ಬರೋಣ. ಮೂರೂವರೆ ಮೀಟರ್ ಪರಿಣಾಮಿ ಉದ್ದದ ಕಂಬಕ್ಕೆ ಎರಡು ಆಯ್ಕೆ ಇಡುತ್ತೇನೆ. ಒಂದು ಐಎಸ್‌ಎಂಬಿ 200, ಮೀಟರಿಗೆ 25.4 ಕಿಲೋ. ಇನ್ನೊಂದು 100×100 ಮಿಲಿಮೀಟರಿನ, 5 ಮಿಲಿಮೀಟರ್ ಗೋಡೆಯ ಚೌಕ ಬಾಕ್ಸ್ ಪೈಪು, ಮೀಟರಿಗೆ 14.4 ಕಿಲೋ. ಐ ಬೀಮಿನ ದುರ್ಬಲ ಅಕ್ಷದ ಪರಿಭ್ರಮಣ ತ್ರಿಜ್ಯ 21.5 ಮಿಲಿಮೀಟರ್ ಮಾತ್ರ. ಪೈಪಿನದು ಎರಡೂ ದಿಕ್ಕಿಗೆ 38.4. ಕೃಶತಾ ಅನುಪಾತ ಒಂದರದು 163, ಇನ್ನೊಂದರದು 91. ಎರಡಕ್ಕೂ 250 ಮೆಗಾಪಾಸ್ಕಲ್ ಯೀಲ್ಡ್ ಹಿಡಿದು ಐಎಸ್ 800:2007ರ ‘ಬಿ’ ವಕ್ರರೇಖೆಯಿಂದ ಲೆಕ್ಕ ಹಾಕಿದರೆ ಐ ಬೀಮು ಸುಮಾರು 180 ಕಿಲೋನ್ಯೂಟನ್ ನೇರ ಹೊರೆ ತಾಳುತ್ತದೆ, ಪೈಪು ಸುಮಾರು 240. ಐದರಲ್ಲಿ ಮೂರು ಪಾಲಿಗಿಂತಲೂ ಕಡಿಮೆ ತೂಕದ ಉಕ್ಕು ಮೂರನೇ ಒಂದರಷ್ಟು ಹೆಚ್ಚು ಹೊರುತ್ತದೆ. ಬಣ್ಣ ಬಳಿಯಬೇಕಾದ ಮೈಯೂ ಸುಮಾರು ಅರ್ಧ.

ಆದರೆ ಇದನ್ನೇ ಹಿಡಿದು ಐ ಬೀಮನ್ನು ತಳ್ಳಿಹಾಕುವಂತಿಲ್ಲ. ಅದರ ಬಲವಾದ ಅಕ್ಷದ ಸೆಕ್ಷನ್ ಮಾಡ್ಯುಲಸ್ ಈ ಪೈಪಿನ ನಾಲ್ಕು ಪಟ್ಟು. ಒಂದೇ ದಿಕ್ಕಿನಲ್ಲಿ ಬಾಗುವ ದೊಡ್ಡ ಹರವಿನ ಪೋರ್ಟಲ್ ಚೌಕಟ್ಟಿಗೆ, ಅಡ್ಡ ದಿಕ್ಕಿಗೆ ಬ್ರೇಸಿಂಗ್ ಕೊಡುವುದಾದರೆ, ಐ ಬೀಮೇ ಸರಿ. ಮನೆ ತಾರಸಿಯ ನಾಲ್ಕೈದು ಮೀಟರ್ ಅಂತರದ ಕಂಬಕ್ಕೆ ಅದನ್ನು ತಂದು ನಿಲ್ಲಿಸುವುದು ‘ಗಟ್ಟಿ ಕಾಣಲಿ’ ಎಂಬ ಆಸೆಯೇ ಹೊರತು ಎಂಜಿನಿಯರಿಂಗ್ ಅಲ್ಲ.

ಪೈಪಿನ ಪರ ಹೇಳಿದ್ದೆಲ್ಲ ಅದರ ಗೋಡೆಯ ದಪ್ಪದ ಮೇಲೆ ನಿಂತಿದೆ. ಕೊಳವೆ ರಚನೆಗಳ ಹಳೆಯ ಮಾನಕ ಐಎಸ್ 806 ಬಿಸಿಲು ಮಳೆಗೆ ತೆರೆದ, ಕಾಲಕಾಲಕ್ಕೆ ಬಣ್ಣ ಕಾಣುವ ಕೊಳವೆಗೆ ಕನಿಷ್ಠ 4 ಮಿಲಿಮೀಟರ್ ಗೋಡೆ ಕೇಳುತ್ತದೆ. ಪೇಟೆಯ ಚಪ್ಪರಗಳಲ್ಲಿ ಎರಡು ಮಿಲಿಮೀಟರಿನದು, ಅದಕ್ಕೂ ತೆಳುವಿನದು ಸಾಮಾನ್ಯ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಜಿಪಿ ಪೈಪು ಎಂದರೆ ತುಕ್ಕಿನ ಭಯವಿಲ್ಲ ಎಂಬ ನಂಬಿಕೆ ಬೇರೆ. ತಗಡಿಗೆ ಮೊದಲೇ ಸತು ಹಚ್ಚಿ ಆಮೇಲೆ ಪೈಪಾಗಿ ಮಡಚಿದ್ದು ಅದು. ಎರಡೂ ಮುಖ ಸೇರಿ ಚದರ ಮೀಟರಿಗೆ 120 ಗ್ರಾಂ ಸತು ಇದ್ದರೆ ಹೊರಮೈಗೆ ಬರುವ ಪದರ ಸುಮಾರು 8 ಮೈಕ್ರಾನ್. ಕೆಲಸ ಮುಗಿಸಿದ ಚೌಕಟ್ಟನ್ನು ಕರಗಿದ ಸತುವಿನಲ್ಲಿ ಅದ್ದುವುದಾದರೆ, 5 ಮಿಲಿಮೀಟರ್ ಮತ್ತು ಅದಕ್ಕಿಂತ ದಪ್ಪದ ಉಕ್ಕಿಗೆ ಐಎಸ್ 4759 ಕೇಳುವುದು 610 ಗ್ರಾಂ, ಅಂದರೆ 85 ಮೈಕ್ರಾನ್. ತುಕ್ಕಿನ ತೀವ್ರತೆಗೆ ತಕ್ಕಂತೆ ಪರಿಸರವನ್ನು ವಿಂಗಡಿಸುವ ಐಎಸ್‌ಒ 9223ರ ವರ್ಗೀಕರಣದಲ್ಲಿ ಸಿ5 ಪರಿಸರ ಮೊದಲ ವರ್ಷದಲ್ಲಿ 4.2ರಿಂದ 8.4 ಮೈಕ್ರಾನ್ ಸತುವನ್ನು ತಿನ್ನುತ್ತದೆ, ಸಿ4 ಅದರ ಅರ್ಧದಷ್ಟನ್ನು. ಕಡಲಂಚು ಸಾಮಾನ್ಯವಾಗಿ ಈ ಎರಡರಲ್ಲೊಂದು. ಜಿಪಿ ಪೈಪಿನ ಪದರ ಕಡಲಂಚಿನಲ್ಲಿ ಎಷ್ಟು ಮಳೆಗಾಲ ನೋಡೀತೆಂದು ಓದುಗರೇ ಭಾಗಿಸಿ ನೋಡಬಹುದು. ವೆಲ್ಡಿಂಗ್ ಆದ ಜಾಗದಲ್ಲಂತೂ ಸತು ಸುಟ್ಟುಹೋಗಿ ಮೊದಲ ದಿನದಿಂದಲೇ ಬೋಳು. ಮೇಲಿಂದ ರೆಡ್ ಆಕ್ಸೈಡ್ ಸವರುವುದು ಕಣ್ಣಿಗೆ ಸಮಾಧಾನ, ಅಷ್ಟೆ.

ಇನ್ನೊಂದು ಸಂಗತಿ ಹೆಚ್ಚಿನವರ ಎಣಿಕೆಗೆ ವಿರುದ್ಧ. ಮಳೆಗೆ ನೇರ ತೋಯುವ ಭಾಗಕ್ಕಿಂತ ಶೀಟಿನ ಅಡಿಯ ಭಾಗಕ್ಕೇ ಕಡಲಂಚಿನಲ್ಲಿ ಅಪಾಯ ಹೆಚ್ಚು. ಹೊರಗಿನ ಉಪ್ಪನ್ನು ಮಳೆ ತೊಳೆಯುತ್ತದೆ. ಅಡಿಯಲ್ಲಿ ಕೂತ ಉಪ್ಪು ಅಲ್ಲೇ ಉಳಿದು, ಶೀಟು ಬೆವರಿದಾಗ ಆ ತೇವವನ್ನೇ ಹೀರುತ್ತದೆ. ಈ ದೃಷ್ಟಿಯಿಂದ ಪರ್ಲಿನ್ ಆಗಿ ಹಾಕುವ ಸಿ ಚಾನಲ್‌ನ ಬಾಯಿ ಯಾವ ಕಡೆಗಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಬಾಯಿಯನ್ನು ಮಾಡಿನ ಮೇಲ್ತುದಿಯ ಕಡೆಗಿಟ್ಟರೆ ತಿರುಚು ಕಡಿಮೆ, ಹಾಗಾಗಿ ಬಲದ ಲೆಕ್ಕ ಅದನ್ನೇ ಮೆಚ್ಚುತ್ತದೆ. ಆದರೆ ಆಗ ಕೆಳರೆಕ್ಕೆ ಮತ್ತು ಬೆನ್ನು ಸೇರುವ ಮೂಲೆ ಇಳಿಜಾರಿನ ತಗ್ಗಿನಲ್ಲಿ ಉಳಿದು, ಬೆವರು, ಉಪ್ಪು, ಧೂಳು ಕೂಡುವ ದಂಬೆಯಾಗುತ್ತದೆ. ಬಾಯಿ ಸೂರಿನ ಕಡೆಗಿದ್ದರೆ ಎಲ್ಲ ಜಾರಿ ಹೋಗುತ್ತದೆ. ಕಡಲಿನ ಹತ್ತಿರ ನಾನು ಎರಡನೆಯದನ್ನೇ ಆರಿಸುತ್ತೇನೆ. ತಿರುಚನ್ನು ತಡೆಯಲು ನಡುವೆ ಸ್ಯಾಗ್ ರಾಡ್ ಸೇರಿಸಬಹುದು, ಮೂಲೆಯ ತುಕ್ಕಿಗೆ ಅಂಥ ಉಪಾಯವಿಲ್ಲ. ಇದೇ ಕಾರಣಕ್ಕೆ ಬೆನ್ನಿಗೆ ಬೆನ್ನು ಕೊಟ್ಟ ಜೋಡಿ ಆಂಗಲ್ ಟ್ರಸ್ಸು ಇಲ್ಲಿಗೆ ಹೊಂದದು. ನಡುವಿನ ಗಸೆಟ್ ಪ್ಲೇಟಿನಷ್ಟೇ ಅಗಲದ ಬಿರುಕಿಗೆ ಬ್ರಷ್ ಹೋಗುವುದಿಲ್ಲ, ಗಾಳಿ ಹೋಗುತ್ತದೆ. ದುಂಡು ಪೈಪಿನಲ್ಲಿ ನೀರು ನಿಲ್ಲಲು ಮೂಲೆಯೇ ಇಲ್ಲ, ಬಣ್ಣ ತೆಳುವಾಗಲು ಅಂಚೂ ಇಲ್ಲ. ಒಂದರ ತುದಿಯನ್ನು ಇನ್ನೊಂದರ ಉಬ್ಬಿಗೆ ಹೊಂದುವಂತೆ ಕೊರೆಯುವ ತಾಪತ್ರಯವೇ ವರ್ಕ್‌ಶಾಪುಗಳನ್ನು ಚೌಕ ಪೈಪಿನ ಕಡೆಗೆ ತಳ್ಳುತ್ತದೆ. ತುಕ್ಕನ್ನೇ ಕವಚ ಮಾಡಿಕೊಳ್ಳುವ ಕಾರ್ಟೆನ್ ಉಕ್ಕು ವಾಸ್ತುಶಿಲ್ಪಿಗಳಿಗೆ ಪ್ರಿಯ, ಆದರೆ ಉಪ್ಪುಗಾಳಿಯಲ್ಲಿ ಆ ಕವಚ ಗಟ್ಟಿಯಾಗಿ ನೆಲೆಗೊಳ್ಳುವುದಿಲ್ಲ.

ಪೈಪು ಆರಿಸಿದವರು ಒಂದು ತೀರ್ಮಾನವನ್ನು ಮೊದಲೇ ಮಾಡಬೇಕು. ಬಣ್ಣವನ್ನೇ ನಂಬುವುದಾದರೆ ಎಲ್ಲ ತುದಿಗಳನ್ನೂ ವೆಲ್ಡ್ ಮಾಡಿ ಸಂಪೂರ್ಣ ಮುಚ್ಚಬೇಕು, ಒಳಗೆ ಹೊಸ ಗಾಳಿಯೂ ತೇವವೂ ಬಾರದಂತೆ. ಸತುವಿನಲ್ಲಿ ಅದ್ದುವುದಾದರೆ ಗಾಳಿ ಹೊರಬರಲು, ಸತು ಬಸಿಯಲು ರಂಧ್ರ ಬೇಕೇಬೇಕು. ಮುಚ್ಚಿದ ಪೈಪು 450 ಡಿಗ್ರಿ ಸೆಲ್ಸಿಯಸ್‌ನ ತೊಟ್ಟಿಯಲ್ಲಿ ಸಿಡಿಯಬಲ್ಲದು. ಎರಡರ ನಡುವಿನ ಅರೆಮುಚ್ಚಿದ ಪೈಪು ಎಲ್ಲಕ್ಕಿಂತ ಕೆಟ್ಟದ್ದು: ನೀರು ಒಳಗೆ ಇಳಿಯುತ್ತದೆ, ಹೊರಗೆ ಬರುವುದಿಲ್ಲ. ಬೇಸ್ ಪ್ಲೇಟನ್ನು ತಾರಸಿಯ ಮಟ್ಟದಿಂದ ಮೇಲೆತ್ತಿದ ಕಾಂಕ್ರೀಟ್ ಪೀಠದ ಮೇಲೆ ಕೂರಿಸಬೇಕು, ಪೈಪನ್ನು ಕಾಂಕ್ರೀಟಿನೊಳಗೆ ಹೂತು ನಿಲ್ಲಿಸಬಾರದು.

ಇದ್ಯಾವುದೂ ಚದರ ಅಡಿ ದರದ ಗುತ್ತಿಗೆಯಲ್ಲಿ ದಾಖಲಾಗುವುದಿಲ್ಲ. ಅಲ್ಲಿ ಪೈಪಿನ ಗೋಡೆ ತೆಳುವಾದಷ್ಟೂ ಗುತ್ತಿಗೆದಾರನಿಗೆ ಲಾಭ. ಅಂದಾಜುಪಟ್ಟಿಯಲ್ಲಿ ‘4×4 ಇಂಚು ಬಾಕ್ಸ್ ಪೈಪು’ ಎಂದಿದ್ದರೆ ಎರಡು ಮಿಲಿಮೀಟರಿನದು ತಂದವನೂ ಮಾತಿಗೆ ತಪ್ಪಿದಂತಾಗುವುದಿಲ್ಲ. ಗೋಡೆಯ ದಪ್ಪ, ಮೀಟರಿನ ತೂಕ, ಚದರ ಮೀಟರಿಗೆ ಸತುವಿನ ಗ್ರಾಂ, ಚಾನಲ್‌ನ ಬಾಯಿಯ ದಿಕ್ಕು ಈ ನಾಲ್ಕನ್ನೂ ಬರೆದು, ಲಾರಿಯಿಂದ ಇಳಿಸುವಾಗಲೇ ತೂಕದ ಚೀಟಿಗೆ ಹೋಲಿಸಿ ನೋಡುವುದು ಮನೆಯವರ ಕೈಯಲ್ಲೇ ಇರುವ ಪರೀಕ್ಷೆ.