ಮೀನಿನ ಮೇವು, ಕೊಳದ ನೀರು: ಸಸಾರಜನಕದ ಲೆಕ್ಕಾಚಾರ ಬೆಳೆದು ಬಂದ ಬಗೆ

ಮೀನಿಗೆ ಮೇವು ಹಾಕಿ ಪೋಷಿಸುವ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಗಾಳ ಹಾಕುವ ವಿನೋದವೇ ಅದರ ವಸ್ತುವಾದರೂ ಯಾವ ಜಾತಿಯ ಮೀನಿಗೆ ಎಂಥ ಮೇವು ಒಗ್ಗುತ್ತದೆ ಎಂಬ ವಿವರವೂ ಅಲ್ಲಿದೆ. ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿಜ್ಞಾನಲೋಕದ ಗಮನಕ್ಕೆ ತಂದರು.

ಆದರೆ ಮೇವಿನಲ್ಲಿ ಸಸಾರಜನಕ (ಪ್ರೋಟೀನ್) ಎಷ್ಟಿರಬೇಕು, ಮೀನು ಬಳಸಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು 20ನೇ ಶತಮಾನದಲ್ಲಿ. ಮೊದಲು ಬಗೆಹರಿದದ್ದು ಎರಡನೆಯ ಪ್ರಶ್ನೆ. ಅಮೆರಿಕದ ಶರೀರವಿಜ್ಞಾನಿ ಹೋಮರ್ ಸ್ಮಿತ್ 1929ರಲ್ಲಿ ಗೆಂಡೆ ಮತ್ತು ಚಿನ್ನದ ಮೀನುಗಳನ್ನು ನಡುವೆ ಅಡ್ಡಗೋಡೆಯಿದ್ದ ಪೆಟ್ಟಿಗೆಯಲ್ಲಿಟ್ಟರು. ತಲೆಯ ಭಾಗ ಒಂದು ಕಡೆಯ ನೀರಿನಲ್ಲಿ, ಹಿಂಭಾಗ ಇನ್ನೊಂದು ಕಡೆಯ ನೀರಿನಲ್ಲಿ. ಎರಡೂ ಕಡೆಯ ನೀರನ್ನು ಬೇರೆಬೇರೆಯಾಗಿ ಪರೀಕ್ಷಿಸಿದಾಗ ಮೂತ್ರಪಿಂಡಕ್ಕಿಂತ ಹಲವು ಪಟ್ಟು ಹೆಚ್ಚು ಸಾರಜನಕ ಕಿವಿರುಗಳ ಮೂಲಕವೇ ಹೊರಬೀಳುತ್ತಿರುವುದು ಕಂಡಿತು. ಅದರಲ್ಲಿ ಬಹುಪಾಲು ಅಮೋನಿಯಾ. ಅಂದರೆ ಮೀನು ಯಾವ ನೀರಿನಲ್ಲಿ ಉಸಿರಾಡುತ್ತದೋ ಅದೇ ನೀರಿಗೆ ತನ್ನ ತ್ಯಾಜ್ಯವನ್ನೂ ಬಿಡುತ್ತದೆ.

ಮೊದಲ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ವಿಜ್ಞಾನಿ ಜಾನ್ ಹಾಲ್ವರ್ ಮತ್ತು ಅವರ ಸಂಗಡಿಗರು. ಮೀನಿಗೆ ಸಸಾರಜನಕದ ಘಟಕಗಳಾದ 10 ಅಮೈನೋ ಆಮ್ಲಗಳು ಅತ್ಯಗತ್ಯ ಎಂದು ಅವರು 1957ರಲ್ಲಿ ಸಾಲ್ಮನ್ ಮೀನಿನ ಮೂಲಕ ತೋರಿಸಿದರು. ಮರುವರ್ಷ ಇನ್ನೊಂದು ಸಂಗತಿ ಹೊರಬಿತ್ತು: ಸುಮಾರು 8 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮರಿಗಳಿಗೆ ಶೇ. 40ರಷ್ಟು ಸಸಾರಜನಕದ ಆಹಾರ ಸಾಕಾದರೆ, 14 ಡಿಗ್ರಿಯಲ್ಲಿ ಶೇ. 55 ಬೇಕಾಯಿತು. ಜಪಾನಿನ ಒಗಿನೊ ಮತ್ತು ಸೈಟೊ 1970ರಲ್ಲಿ ಸಾಮಾನ್ಯ ಗೆಂಡೆಯ ಮರಿಗಳಿಗೆ ಶೇ. 38 ಎಂದು ಗುರುತಿಸಿದರು. ಭಾರತೀಯ ಗೆಂಡೆಗಳ ಎಳೆಮರಿಗಳಿಗೆ ಶೇ. 45ರಷ್ಟು ಬೇಕು ಎಂಬ ಅಧ್ಯಯನ 1978ರಲ್ಲಿ ಪ್ರಕಟವಾಯಿತು.

ಇವೆಲ್ಲ ಪ್ರಯೋಗಾಲಯದ ತೊಟ್ಟಿಗಳಲ್ಲಿ ಸಿಕ್ಕ ಅಂಕಿಗಳು. ಕೊಳದ ಮಾತೇ ಬೇರೆ. ಅಲ್ಲಿ ಮೀನಿಗೆ ಸಸಾರಜನಕ ತುಂಬಿದ ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಸಹಜವಾಗಿಯೇ ಸಿಗುತ್ತವೆ. ಮೀನು ಬಲಿತಂತೆ ಅದರ ಬೇಡಿಕೆಯೂ ತಗ್ಗುತ್ತದೆ.

ಭಾರತದ ಕೊಳಗಳಲ್ಲಿ ಮೇವಿಗಿಂತ ಮೊದಲು ಬಗೆಹರಿಯಬೇಕಿದ್ದದ್ದು ಮರಿಗಳ ಕೊರತೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಹಾರ್ಮೋನ್ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆ ದೇಶದಲ್ಲಿ ಬಿತ್ತನೆ ಮರಿಗಳ ಕೊರತೆ ನೀಗುವ ದಾರಿ ತೆರೆಯಿತು. ಮರಿ ಸಿಕ್ಕಿತು, ಮುಂದಿನ ಚಿಂತೆ ಮೇವಿನದು. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸುವ ಪದ್ಧತಿ ಎಲ್ಲೆಡೆ ಹಬ್ಬಿತು. ಈ ಮಿಶ್ರಣದಲ್ಲಿ ಸಸಾರಜನಕ ಹೆಚ್ಚುಕಡಿಮೆ ಶೇ. 25ರಿಂದ 28. ಆದರೆ ಪುಡಿಯನ್ನು ಎರಚಿದರೆ ಸಾಕಷ್ಟು ಭಾಗ ತಳ ಸೇರಿ ಕೊಳೆಯುತ್ತದೆ. ಆಂಧ್ರದ ಕೊಲ್ಲೇರು ಸೀಮೆಯ ರೈತರು ಇದಕ್ಕೆ ತಾವೇ ಉಪಾಯ ಕಂಡುಕೊಂಡರು. ಪ್ಲಾಸ್ಟಿಕ್ ಚೀಲದ ಕೆಳಭಾಗದಲ್ಲಿ ತೂತು ಕೊರೆದು, ಮೇವು ತುಂಬಿ, ಕೊಳದಲ್ಲಿ ನೆಟ್ಟ ಬಿದಿರಿನ ಗಳಕ್ಕೆ ಕಟ್ಟಿದರು. ಮೀನುಗಳು ತೂತಿಗೆ ಬಾಯಿಟ್ಟು ಬೇಕಾದಷ್ಟು ಎಳೆದುಕೊಳ್ಳುತ್ತವೆ. ಚೀಲ ಖಾಲಿಯಾಗುವ ವೇಗವೇ ರೈತನಿಗೆ ಮೀನಿನ ಹಸಿವಿನ ಸೂಚನೆ.

ಮೇವು ಮತ್ತು ನೀರಿನ ನಂಟನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ಸಸಾರಜನಕದ ತೂಕದಲ್ಲಿ ಸುಮಾರು ಶೇ. 16 ಭಾಗ ಸಾರಜನಕ. ಶೇ. 30 ಸಸಾರಜನಕದ ಒಂದು ಕಿಲೋ ಮೇವಿನಲ್ಲಿ 48 ಗ್ರಾಂ ಸಾರಜನಕವಿರುತ್ತದೆ. ಅದರಲ್ಲಿ ಮೀನಿನ ಮೈಗೆ ಹತ್ತುವುದು ಸಾಮಾನ್ಯವಾಗಿ ಕಾಲುಭಾಗದಿಂದ ಮೂರನೇ ಒಂದು ಭಾಗ. ಉಳಿದ 32ರಿಂದ 36 ಗ್ರಾಂ ನೀರಿಗೆ ಮತ್ತು ತಳದ ಕೆಸರಿಗೆ. ದಿನಕ್ಕೆ 20 ಕಿಲೋ ಮೇವು ಹಾಕುವ ಕೊಳಕ್ಕೆ ದಿನವೂ ಹೆಚ್ಚುಕಡಿಮೆ 700 ಗ್ರಾಂ ಸಾರಜನಕ ಸೇರುತ್ತದೆ.

ಅಮೋನಿಯಾ ರೂಪದ ಆ ಸಾರಜನಕ ಯಾವಾಗ ವಿಷವಾಗುತ್ತದೆ ಎಂಬುದನ್ನು ನಿರ್ಧರಿಸುವುದು ನೀರಿನ ರಸಸಾರ (ಪಿಎಚ್) ಮತ್ತು ಉಷ್ಣತೆ. 25 ಡಿಗ್ರಿ ಉಷ್ಣತೆಯಲ್ಲಿ ರಸಸಾರ 7 ಇದ್ದಾಗ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ರಸಸಾರ 9ಕ್ಕೇರಿದರೆ ಅದು ಮೂರನೇ ಒಂದು ಭಾಗವನ್ನೂ ಮೀರುತ್ತದೆ. ಪಾಚಿ ಹಸಿರುಗಟ್ಟಿದ ಕೊಳದಲ್ಲಿ ಬಿಸಿಲೇರಿದಂತೆ ಇಂಗಾಲದ ಡೈಆಕ್ಸೈಡ್ ಖರ್ಚಾಗಿ ರಸಸಾರ ಏರುತ್ತದೆ. ಬೆಳಗ್ಗೆ ಚೆನ್ನಾಗಿದ್ದ ನೀರು ಸಂಜೆಗೆ ಮೀನಿನ ಕಿವಿರನ್ನು ಸುಡುವುದು ಹೀಗೆ. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡಬಲ್ಲವು ನಿಜ. ಆದರೆ ಒಂದು ಗ್ರಾಂ ಸಾರಜನಕಕ್ಕೆ ನಾಲ್ಕೂವರೆ ಗ್ರಾಂನಷ್ಟು ಆಮ್ಲಜನಕ ಬೇಕು. ಆ ಆಮ್ಲಜನಕ ಮೀನಿನ ಪಾಲಿನದೇ.

ಈ ಹಿನ್ನೆಲೆಯಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಕೆಲಸಕ್ಕೆ ವಿಶೇಷ ಬೆಲೆಯಿದೆ. 1969ರಲ್ಲಿ ಆರಂಭವಾದ ಇದು ದೇಶದ ಮೊದಲ ಮೀನುಗಾರಿಕೆ ಕಾಲೇಜು. ಮೀನು ಆಹಾರವನ್ನು ಜೀರ್ಣಿಸಿಕೊಳ್ಳುವ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಹಾಗಾಗಿ ನಿತ್ಯವೂ ಗರಿಷ್ಠ ಸಸಾರಜನಕ ಕೊಡಬೇಕಿಲ್ಲ ಎಂದು ಶ್ರೀಲಂಕಾ ಮೂಲದ ಸೇನಾ ಡಿಸಿಲ್ವಾ 1985ರಲ್ಲಿ ಸೂಚಿಸಿದ್ದರು. ಈ ಕಾಲೇಜಿನ ಎಂ.ಸಿ. ನಂದೀಶ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ಸಾಮಾನ್ಯ ಗೆಂಡೆಯ ಮೇಲೆ, 1993ರಲ್ಲಿ ಭಾರತೀಯ ಗೆಂಡೆಗಳಾದ ಕಾಟ್ಲಾ ಮತ್ತು ರೋಹು ಮೇಲೆ ನಡೆಸಿದ, ಈ ಸೂಚನೆಯನ್ನು ಪರೀಕ್ಷಿಸುವ ಅಧ್ಯಯನಗಳನ್ನು ಪ್ರಕಟಿಸಿದರು. ಹೆಚ್ಚು ಸಸಾರಜನಕದ ಮೇವನ್ನೂ ಕಡಿಮೆ ಸಸಾರಜನಕದ ಮೇವನ್ನೂ ದಿನ ಬದಲಿಸಿ ಕೊಟ್ಟರೂ ಬೆಳವಣಿಗೆ ಕುಗ್ಗದಂತೆ ನೋಡಿಕೊಳ್ಳಬಹುದು ಎಂಬುದು ಅವುಗಳ ತಿರುಳು. ಖರ್ಚೂ ಉಳಿತಾಯ, ನೀರಿಗೆ ಬೀಳುವ ಸಾರಜನಕವೂ ಕಡಿಮೆ.

ಇಸ್ರೇಲಿನ ಯೋರಾಮ್ ಅವ್ನಿಮೆಲೆಕ್ 1999ರಲ್ಲಿ ಇನ್ನೊಂದು ದಾರಿ ತೋರಿದರು. ನೀರಿಗೆ ಪಿಷ್ಟ ಅಥವಾ ಕಾಕಂಬಿ ಸೇರಿಸಿದರೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಹೀರಿ ತಮ್ಮ ಮೈಯ ಸಸಾರಜನಕವಾಗಿಸಿಕೊಳ್ಳುತ್ತವೆ. ಹಾಗೆ ಬೆಳೆದ ಬ್ಯಾಕ್ಟೀರಿಯಾಗಳ ಮುದ್ದೆಗಳನ್ನು ಮೀನು ಮತ್ತೆ ತಿನ್ನುತ್ತದೆ. ಒಂದು ಗ್ರಾಂ ಸಾರಜನಕಕ್ಕೆ ಸುಮಾರು 20 ಗ್ರಾಂ ಶರ್ಕರಪಿಷ್ಟ ಬೇಕು. ಇಂಥ ಮುದ್ದೆಗಳನ್ನು ಬಳಸುವ ಇಂದಿನ ಬಯೋಫ್ಲಾಕ್ ತೊಟ್ಟಿಗಳು ನಿಂತಿರುವುದು ಈ ಲೆಕ್ಕದ ಮೇಲೆ. ಆದರೆ ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕಾದ್ದರಿಂದ ನೀರಿಗೆ ಗಾಳಿ ಊದುವ ಯಂತ್ರ ನಿಂತರೆ ಇಡೀ ವ್ಯವಸ್ಥೆ ಕುಸಿಯುತ್ತದೆ.

ಸಸಾರಜನಕ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಇದರ ಅರ್ಥವಲ್ಲ. ಬರೀ ತೌಡು ತಿಂದ ಮೀನು ನಿಧಾನಕ್ಕೆ ಬೆಳೆಯುತ್ತದೆ, ಮೇವು ಹೆಚ್ಚು ಬೇಕಾಗುತ್ತದೆ, ಜೀರ್ಣವಾಗದ ನಾರು ತಳದಲ್ಲಿ ಕೊಳೆತು ಅದೂ ಆಮ್ಲಜನಕ ಕಬಳಿಸುತ್ತದೆ. ಮರಿಗೆ ಹೆಚ್ಚು, ಬಲಿತ ಮೀನಿಗೆ ಮಿತ, ಕೊಳದ ಪ್ಲವಕ ನೋಡಿಕೊಂಡು ಮತ್ತಷ್ಟು ಮಿತ ಎಂಬುದೇ ಈ ಸಂಶೋಧನೆಗಳ ಒಟ್ಟು ತೀರ್ಪು. ಮೇವಿನ ಚೀಲದ ಮೇಲಿನ ಶೇಕಡಾವಾರು ನೋಡಿ ಕೊಳ್ಳುವ ಕೃಷಿಕರು, ಇಳಿಹೊತ್ತಿನಲ್ಲಿ ನೀರಿನ ರಸಸಾರ ಮತ್ತು ಅಮೋನಿಯಾವನ್ನೂ ಅಳೆದು ಮರುದಿನದ ಮೇವನ್ನು ನಿರ್ಧರಿಸಬೇಕು.